ಟೈಲರಮ್ಮನ ಮೇಜಿನ ಅಡಿ

“ತಡೀರೋ! ಆ ಮೇಜಿನ ಮೇಲೆ ಬೇಡ, ಮಂಚದ ಮೇಲೆ ಮಲಗಿಸಿ!” ಎಂದು ಕಂಡಕ್ಟರಮ್ಮ ಹೊಸ್ತಿಲಲ್ಲೇ ನಿಂತು ಗದರಿದಳು. ತುಂಬಿದ ಬಸ್ಸಿನ ಹಿಂಬಾಗಿಲಿಂದ ಡ್ರೈವರನಿಗೆ ಕೇಳುತ್ತಿದ್ದ ಗಂಟಲು, ನಿವೃತ್ತಿಯಾದರೂ ತಗ್ಗಿರಲಿಲ್ಲ. ಟೈಲರಮ್ಮನ ಶವ ಹೊತ್ತವರು ನಿಂತಲ್ಲೇ ನಿಂತರು.

“ಮೇಜಿನ ಹಲಗೆ ಕಿತ್ತು ಗೋಡೆಗೆ ಒರಗಿಸಿ. ಬಂದವರು ಅದರ ಅಡಿ ಇರೋ ಅವಳ ಚಿತ್ರ ನೋಡ್ಲಿ.”

ಸತ್ತವಳ ಮಗ ಹೈಸ್ಕೂಲಿನ ಹೆಡ್‌ಮಾಸ್ಟರು. ಅವನ ಮುಖ ಹುಳ್ಳಗಾಯಿತು. “ಬೇಡ ಚಿಕ್ಕಮ್ಮ. ನಮ್ಮ ಸ್ಕೂಲಿನವರೆಲ್ಲ ಬರ್ತಿದಾರೆ. ಅಮ್ಮ ಈಜುಡುಪಲ್ಲಿ... ಅವಳ ಮಾನ ನಾವಲ್ಲದೆ ಇನ್ಯಾರು ಕಾಯ್ಬೇಕು?”

“ಅವಳ ಮಾನಕ್ಕೇನೋ ಧಾಡಿ?”

“ಅಪ್ಪ ಇದ್ದಾಗ ಹೇಗಿತ್ತೋ ಹಾಗೇ ಇರ್ಲಿ. ಚಿತ್ರ ಕೆಳಗೆ.”

ಮೇಜಿನ ಮೇಲೇ ಮಲಗಿಸಿದರು.

*

ಐವತ್ತೈದು ವರ್ಷದ ಹಿಂದೆ, ಬಟ್ಟೆ ಕಾರ್ಖಾನೆಯಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ, ಅಲ್ಲಿ ಕೆಲಸಕ್ಕಿದ್ದ ಟೈಲರಮ್ಮ, ಕಂಡಕ್ಟರಮ್ಮ ಇಬ್ಬರೂ ಸೂಪರ್‌ವೈಸರನ ಕಣ್ಣಿಗೆ ಮಣ್ಣೆರಚಿ ಕೆರೆಗೆ ಓಡಿದ್ದರು. ಉಳಿದ ಚೂರುಬಟ್ಟೆಯಲ್ಲಿ ತಾವೇ ಹೊಲಿದುಕೊಂಡ ಈಜುಡುಪು. ದಂಡೆಯಲ್ಲಿ ಒಬ್ಬ ಚಿತ್ರಗಾರ ಬಾಗಿಲಿನಷ್ಟು ದೊಡ್ಡ ಹಲಗೆ ಇಟ್ಟುಕೊಂಡು ಕೂತಿದ್ದ. ಹುಡುಗಿಯರು ನೀರಿಗೆ ಬಿದ್ದು, ಎದ್ದು, ಬಿಸಿಲಿಗೆ ಕಾಲು ಚಾಚಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಸಂಜೆ ಹಲಗೆ ನೋಡಿದರೆ ಒಬ್ಬಳಿಗೆ ಹಸಿರು ಮುಖ, ಇನ್ನೊಬ್ಬಳಿಗೆ ಕೆಂಪು ಕಾಲು, ಕೆರೆ ಪೂರ್ತಿ ಹಳದಿ.

“ನನ್ನ ಮುಖ ಯಾಕ್ರೀ ಹಸಿರು?”

“ಎಷ್ಟು ಖುಷಿಯಾಗಿದ್ರೋ ಅಷ್ಟು ಬಣ್ಣ ಹಾಕಿದೀನಿ. ಬೇಕಾದ್ರೆ ಹೊತ್ಕೊಂಡು ಹೋಗಿ.”

ಹೊತ್ತುಕೊಂಡು ಬಂದರು. ಮದುವೆಯಾದ ಮೇಲೆ ಟೈಲರಮ್ಮನ ಗಂಡ ಅದನ್ನು ಒಲೆಗೆ ಹಾಕು ಎಂದ. “ನಂಗೆ ಬಟ್ಟೆ ಕತ್ತರಿಸೋಕೆ ಹಲಗೆ ಬೇಕು,” ಎಂದು ಅವಳು ಚಿತ್ರ ಕೆಳಗೆ ಮಾಡಿ ನಾಲ್ಕು ಕಾಲು ಹೊಡೆಸಿದಳು. ಅವತ್ತಿನಿಂದ ದಿನಾ ಊಟವಾದ ಮೇಲೆ ಅರ್ಧ ಗಂಟೆ ಮೇಜಿನ ಅಡಿ ಅಂಗಾತ ಮಲಗುತ್ತಿದ್ದಳು. ಕೇಳಿದರೆ, ಸೊಂಟನೋವು, ತಣ್ಣನೆ ನೆಲವೇ ಆಗಬೇಕು ಎನ್ನುತ್ತಿದ್ದಳು. ಐವತ್ತು ವರ್ಷ ಮನೆಯವರೆಲ್ಲ ಆ ಸೊಂಟನೋವನ್ನು ನಂಬಿದರು. ಕಂಡಕ್ಟರಮ್ಮ ಒಬ್ಬಳು ನಂಬಿರಲಿಲ್ಲ.

*

ಸ್ಕೂಲಿನವರು ಹೂ ಹಿಡಿದು ಒಳಗೆ ಬಂದರು. ಕಂಡಕ್ಟರಮ್ಮನಿಗೆ ಅಳು ಒತ್ತರಿಸಿ ಬಂತು, ಸಿಟ್ಟು ಅದಕ್ಕಿಂತ ಮೊದಲು ಬಂತು. ಎಪ್ಪತ್ಮೂರರ ಮಂಡಿಗಳನ್ನು ಮಡಚಿ, ಎಲ್ಲರ ಎದುರಿಗೇ ಮೇಜಿನ ಅಡಿಗೆ ತೂರಿ ಮಲಗಿಬಿಟ್ಟಳು.

“ಚಿಕ್ಕಮ್ಮ, ಏಳಿ! ಜನ ನೋಡ್ತಿದಾರೆ!”

“ನೋಡ್ಲಿ ಅಂತ್ಲೇ ಮಲಗಿರೋದು.”

ಅವಳನ್ನು ಎಳೆದು ತರಲು ಮಗ ಕೆಳಗೆ ತೂರಿದ.

ಕಂಡಕ್ಟರಮ್ಮ ಅಷ್ಟರಲ್ಲಿ ಮೇಲಿನ ಚಿತ್ರ ನೋಡುತ್ತಿದ್ದಳು. ಅಲ್ಲಲ್ಲಿ ಬಣ್ಣ ಉದುರಿತ್ತು. ಟೈಲರಮ್ಮನ ಹಸಿರು ಮುಖ ಅರ್ಧ ಹೋಗಿತ್ತು. ಪಕ್ಕದವಳ ಕೆಂಪು ಕಾಲು ಮಾತ್ರ ಮೊನ್ನೆ ಬರೆದಂತಿತ್ತು. ಬಟ್ಟೆಗೆ ಗುರುತು ಹಾಕುವ ಕೆಂಪು ಚಾಕ್‌ಪೀಸಿನಿಂದ ಯಾರೋ ಅದನ್ನು ಮತ್ತೆ ಮತ್ತೆ ತಿದ್ದಿದ್ದರು.

“ಈ ಕಾಲು ಯಾರದು ಚಿಕ್ಕಮ್ಮ?” ಅಂಗಾತವಾಗಿದ್ದ ಮಗ ಮೆಲ್ಲಗೆ ಕೇಳಿದ.

“ನಂದು ಕಣೋ.”

“ಬಣ್ಣ ಹಚ್ಚಿದ್ದು?”

“ಸೊಂಟನೋವು,” ಎಂದಳು ಕಂಡಕ್ಟರಮ್ಮ. ಆಗ ಕಣ್ಣೀರು ಕಿವಿಗೆ ಇಳಿಯಿತು.

ಮಗ ಎದ್ದು ಬರಲಿಲ್ಲ. ಮೇಜಿನ ಅಡಿಯಿಂದ ನಾಲ್ಕು ಕಾಲುಗಳು ಆಚೆ ಚಾಚಿಕೊಂಡಿದ್ದವು, ಎರಡು ಬರಿಗಾಲು, ಎರಡಕ್ಕೆ ಇಸ್ತ್ರಿ ಪ್ಯಾಂಟು. ಒಳಗಿನಿಂದ ಹಳೆಯ ಗಂಟಲು ಮತ್ತೆ ಎದ್ದಿತು: “ಒಳಗೆ ಬನ್ನಿ, ಒಳಗೆ ಬನ್ನಿ, ಜಾಗ ಇದೆ!”

ಗಣಿತದ ಮೇಡಂ ಕೈಯಲ್ಲಿದ್ದ ಹೂವನ್ನು ಪಕ್ಕದವರಿಗೆ ಕೊಟ್ಟು, ಕನ್ನಡಕ ಸರಿಮಾಡಿಕೊಂಡು ಮಂಡಿಯೂರಿದರು.