ಮುನಿಗಂಗಮ್ಮ ಸೇರಿಸಿದ ಒಂದು ಸಾಲು

ಕೆಜಿಎಫ್ ಕಡೆಯ ಊರಿಗಾಂನಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಪಾಡು ನಿಮಗೇನೂ ಹೊಸದಲ್ಲ. ಕೂರಲು ಜಾಗವಿಲ್ಲ, ನಿಂತರೆ ಹೊತ್ತು ಹೋಗುವುದಿಲ್ಲ. ಉಳಿದದ್ದು ಕೈಯಲ್ಲಿರುವ ಮೊಬೈಲು. ಆ ರೈಲಿನವರದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಯಾವ ಬೋಗಿಯಲ್ಲಿ ಸೀಟಿದೆ, ಗಾಡಿ ಎಷ್ಟು ಲೇಟು ಎಂದು ತಿಳಿಸಲು ಮಾಡಿಕೊಂಡದ್ದು. ಈಗ ಅದರ ತುಂಬ ಬರೀ ವಿಡಿಯೋ.

ಆ ವಿಡಿಯೋಗಳ ಮಹಾರಾಣಿ ನಮ್ಮ ಮುನಿಗಂಗಮ್ಮ. ಬೆಂಗಳೂರಿನ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಅವಳದು. ಚಪ್ಪಲಿ ಕದ್ದು ಓಡುವ ನಾಯಿ, ಮಾವನೆದುರು ಕುಣಿಯುವ ಮದುಮಗ, ಎಲ್ಲಿಂದ ಹುಡುಕಿ ತರುತ್ತಿದ್ದಳೋ! ಬೋಗಿಗೆ ಬೋಗಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ಅವಳೊಂದು ಉಪಾಯ ಕಂಡುಕೊಂಡಿದ್ದಳು. ವಿಡಿಯೋ ಎಲ್ಲಿಯದೇ ಆಗಲಿ, ಕೆಳಗೆ ನಮ್ಮ ಕಡೆಯ ಊರಿನ ಹೆಸರು ಹಾಕಿದರೆ ಜನ ಮುಗಿಬಿದ್ದು ನೋಡುತ್ತಾರೆ. ಎಲ್ಲೋ ಕೆಸರಲ್ಲಿ ಜಾರಿಬಿದ್ದವನನ್ನು ಇವಳು ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಬೀಳಿಸಿದ್ದೂ ಉಂಟು.

ಆ ಬೆಳಿಗ್ಗೆ ಅವಳಿಗೆ ಬಂದದ್ದು ನಗುವ ವಿಡಿಯೋ ಅಲ್ಲ. ಯಾರೋ ಒಬ್ಬ ಅಳುವ ಮಗುವನ್ನು ಎತ್ತಿಕೊಂಡು ಓಡುತ್ತಿದ್ದ. ‘ಮಕ್ಕಳ ಕಳ್ಳರಿದ್ದಾರೆ, ಬೇರೆ ಭಾಷೆ ಮಾತಾಡುತ್ತಾರೆ, ಎಚ್ಚರ’ ಎಂದು ಬರೆದಿತ್ತು. ಮುನಿಗಂಗಮ್ಮ ಕೆಳಗೆ ತನ್ನದೊಂದು ಸಾಲು ಸೇರಿಸಿದಳು: ‘ನಮ್ಮ ಕ್ಯಾಸಂಬಳ್ಳಿಗೂ ಬಂದವ್ರೆ.’ ಗ್ರೂಪಿಗೆ ಕಳಿಸಿಯೂ ಬಿಟ್ಟಳು.

ಪಕ್ಕದಲ್ಲಿ ಶ್ಯಾಮಲಾ ನಿಂತಿದ್ದಳು. ಮುನಿಗಂಗಮ್ಮನ ನೆರೆಮನೆಯವಳು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್.

“ಇದು ಯಾವ ಊರಿಂದಕ್ಕಾ? ಯಾವಾಗಿಂದು?”

“ನಂಗೇನೇ ಗೊತ್ತು? ಬಂತು, ಕಳಿಸ್ದೆ.”

“ಗೊತ್ತಿಲ್ದೆ ಕ್ಯಾಸಂಬಳ್ಳಿ ಅಂತ ಯಾಕಾಕ್ದೆ?”

“ಊರೆಸ್ರು ಇಲ್ದಿದ್ರೆ ಯಾರ್ ನೋಡ್ತಾರೆ? ಜನ ಉಷಾರಾಗಿರ್ಲಿ ಅಂತ ಕಣೇ. ಸುಳ್ಳಾದ್ರೂ ಯಾರಪ್ಪನ ಗಂಟು ಓಗ್ತೈತೆ?”

“ಅಳಿಸ್ಬುಡಕ್ಕಾ. ಎದ್ರಿದ ಜನ ಇಂದೆ ಮುಂದೆ ನೋಡಲ್ಲ.”

ಮುನಿಗಂಗಮ್ಮ ಮೂತಿ ತಿರುವಿದಳು. ಅಷ್ಟರಲ್ಲಿ ಅದು ಎಷ್ಟು ಫೋನಿಗೆ ಹಾರಿತ್ತೋ ದೇವರೇ ಬಲ್ಲ.

ಸಂಜೆ ಇಬ್ಬರೂ ವಾಪಸ್ಸು ರೈಲಿನಲ್ಲಿದ್ದರು. ಮಾಲೂರು ದಾಟಿತ್ತು. ಗ್ರೂಪಿಗೆ ಒಂದು ವಿಡಿಯೋ ಬಂತು. ಕಳಿಸಿದವನು ಆಗಾಗ ಅದೇ ರೈಲಿನಲ್ಲಿ ಓಡಾಡುವ ಕ್ಯಾಸಂಬಳ್ಳಿಯ ತರಕಾರಿ ವ್ಯಾಪಾರಿ ಕಾಂತರಾಜ್. ‘ಸಿಕ್ಬಿದ್ದ ಕಳ್ಳ!’ ಎಂದು ಬರೆದಿದ್ದ. ನೋಡಿದೆಯಾ ಎಂದು ಶ್ಯಾಮಲಾಗೆ ತೋರಿಸಲು ಮುನಿಗಂಗಮ್ಮ ಹೆಮ್ಮೆಯಿಂದಲೇ ಒತ್ತಿದಳು.

ಮೊದಲು ಕೇಳಿಸಿದ್ದು ಅಳು. “ಅಜ್ಜಿ ಬೇಕು, ಅಜ್ಜಿ ಬೇಕು!” ಆ ಅಳು ಅವಳ ಕರುಳಿಗೇ ಗೊತ್ತಿತ್ತು. ಅದು ನವ್ಯ, ಅವಳ ನಾಲ್ಕು ವರ್ಷದ ಮಗಳು! ರಜೆಗೆಂದು ಕ್ಯಾಸಂಬಳ್ಳಿ ಪಕ್ಕದ ತವರಿನಲ್ಲಿ ಬಿಟ್ಟಿದ್ದ ಮಗುವನ್ನು ಕರೆತರಲು ಗಂಡ ಆರುಮುಗಂ ಅವತ್ತೇ ಹೋಗಿದ್ದ. ಜನ ಅವನ ಕೊರಳಪಟ್ಟಿ ಹಿಡಿದಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಆದರೂ ಅವನು ಮಗುವನ್ನು ಎದೆಗೊತ್ತಿಕೊಂಡು ತಮಿಳಿನಲ್ಲೇ “ಅಳಾದೆ ಕಣ್ಣು, ಅಳಾದೆ” ಎಂದು ಸಮಾಧಾನ ಮಾಡುತ್ತಿದ್ದ. ಅವನು ಮಗಳನ್ನು ಮುದ್ದು ಮಾಡುವ ಭಾಷೆ ಅದೇ. ಅಲ್ಲಿದ್ದವರ ಕಿವಿಗೆ ಮಾತ್ರ ಅದು ‘ಬೇರೆ ಭಾಷೆ’ಯಾಗಿತ್ತು.

ಮುನಿಗಂಗಮ್ಮ ಗಂಡನಿಗೆ ಫೋನ್ ಮಾಡಿದಳು. ಅದು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಶ್ಯಾಮಲಾ ತಡಮಾಡದೆ 112ಕ್ಕೆ ಕರೆ ಮಾಡಿ, ಎಲ್ಲಿ ಏನಾಗುತ್ತಿದೆ ಎಂದು ಬಿಡಿಸಿ ಹೇಳಿದಳು. ರೈಲು ಟೇಕಲ್ಲಿನಲ್ಲಿ ಕ್ರಾಸಿಂಗಿಗೆ ನಿಂತುಬಿಟ್ಟಿತು. ಇಳಿದು ಓಡೋಣವೆಂದರೆ ಎಲ್ಲಿಗೆ ಓಡುವುದು? ಮುನಿಗಂಗಮ್ಮ ಕಾಂತರಾಜನಿಗೇ ಫೋನ್ ಹಚ್ಚಿದಳು.

“ಕಾಂತರಾಜಣ್ಣ, ಬುಡ್ಸಣ್ಣ ಅವ್ರನ್ನ! ನನ್ ಗಂಡ ಕಣಣ್ಣ ಅದು!”

“ಯಾರಮ್ಮ ನೀನು?”

“ಮುನಿಗಂಗಮ್ಮ. ಟ್ರೇನ್ ಗ್ರೂಪಿನೋಳು.”

“ಕಳ್ರು ಬಂದವ್ರೆ ಅಂತ ಬೆಳಿಗ್ಗೆ ನೀನೇ ಅಲ್ವೇನಮ್ಮ ಆಕಿದ್ದು?”

ಇಡೀ ಬೋಗಿ ಅವಳನ್ನೇ ನೋಡುತ್ತಿತ್ತು.

“ಊರೆಸ್ರು ಸೇರಿಸಿದ್ದು ನಾನೇ ಕಣಣ್ಣ. ಸುಳ್ಳು! ಜನ ನೋಡ್ಲಿ ಅಂತ ಸೇರಿಸ್ದೆ. ದಮ್ಮಯ್ಯ ಅಂತೀನಿ, ಎಲ್ರಿಗೂ ಕೇಳೋ ಅಂಗೆ ಸ್ಪೀಕರ್ ಆಕಣ್ಣ.”

ಕಾಂತರಾಜ್ ಸ್ಪೀಕರ್ ಹಾಕಿದ. ಅವಳು ಅದನ್ನೇ ಕೂಗಿ ಹೇಳಿದಳು. ನಂಬಿದವರು ಯಾರು? “ಅವ್ನ ಕಡೆಯೋಳೇ ಇರ್ಬೇಕು, ಕಟ್ಟಾಕ್ರೋ ಅವ್ನ!” ಎಂದು ಯಾರೋ ಅರಚಿದರು.

“ವಿಡಿಯೋ ಕಾಲ್ ಮಾಡಕ್ಕಾ, ಮಗೂಗೆ ನಿನ್ ಮುಖ ಕಾಣ್ಲಿ!” ಎಂದಳು ಶ್ಯಾಮಲಾ.

ನೆಟ್‌ವರ್ಕ್ ಬಂತು, ಹೋಯಿತು. ರೈಲು ಹೊರಟಿತು, ನೆಟ್‌ವರ್ಕ್ ಮತ್ತೆ ಹೋಯಿತು. ಕೊನೆಗೆ ಪರದೆಯ ಮೇಲೆ ನವ್ಯಳ ಕೆಂಪೇರಿದ ಮುಖ ಮೂಡಿತು.

“ಅಮ್ಮಾ! ಅಪ್ಪನ್ನ ಒಡೀತಾವ್ರಮ್ಮಾ!”

ಅಲ್ಲಿ ಗದ್ದಲ ನಿಂತಿತು. ಕಾಂತರಾಜ್ ಆರುಮುಗಂಗೆ ಅಡ್ಡವಾಗಿ ನಿಂತುಕೊಂಡ. ಸ್ವಲ್ಪ ಹೊತ್ತಿಗೆ ಪೊಲೀಸರೂ ಬಂದರು. ಅವರು ವಿಚಾರಿಸಿ ಹೇಳಿದರು, ಬೆಳಗಿನ ಆ ವಿಡಿಯೋ ಬೇರೆ ರಾಜ್ಯದ್ದಂತೆ. ಅದೂ ಯಾರೋ ನಾಟಕಕ್ಕೆಂದು ತೆಗೆದದ್ದಂತೆ.

ಬಂಗಾರಪೇಟೆ ಆಸ್ಪತ್ರೆಯಲ್ಲಿ ಆರುಮುಗಂ ಹಣೆಗೆ ಹೊಲಿಗೆ ಹಾಕಿದರು. ರೈಲಿಳಿದು ನೇರ ಅಲ್ಲಿಗೇ ಬಂದಿದ್ದ ಮುನಿಗಂಗಮ್ಮ ಹೊರಗೆ ಬೆಂಚಿನ ಮೇಲೆ ಆ ವಿಡಿಯೋ ಅಳಿಸಲು ಕೂತಿದ್ದಳು. ತನ್ನ ಫೋನಿನಿಂದ ಅಳಿಸಿದಳು. ಊರವರ ಫೋನಿನಿಂದ ಅಳಿಸುವುದು ಹೇಗೆ?

“ನಾನ್ ಆಕಿದ್ದು ಸುಳ್ಳು, ಯಾರೂ ಕಳಿಸ್ಬೇಡಿ ಅಂತ ಗ್ರೂಪಲ್ಲಿ ಏಳ್ತೀನಿ ಕಣೇ ಶ್ಯಾಮಲಾ.”

“ಏಳಕ್ಕಾ. ನಿನ್ ದನೀಲೇ ಏಳು, ನಂಬ್ತಾರೆ.”

ಅವಳು ಅಳುತ್ತಲೇ ವಾಯ್ಸ್ ಮೆಸೇಜ್ ಮಾಡಿ ಗ್ರೂಪಿಗೆ ಕಳಿಸಿದಳು.

ಆಸ್ಪತ್ರೆಯಿಂದ ಹೊರಟಾಗ ನವ್ಯ ಎತ್ತಿಕೋ ಎಂದು ಅಪ್ಪನ ಕಡೆ ಕೈ ಚಾಚಿದಳು. ಆರುಮುಗಂ ರಸ್ತೆಯ ಆ ಕಡೆ ಈ ಕಡೆ ನೋಡಿ ಹಿಂದೆ ಸರಿದ.

“ನೀನೇ ಎತ್ಕೊ ಗಂಗಾ. ರೋಡಲ್ಲಿ ಇವ್ಳನ್ನ ಎತ್ಕೊಳಕ್ಕೆ ನಂಗೆ ಭಯ ಆಗ್ತೈತೆ.”

ಮುನಿಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಗಿಸುವ ವಿಡಿಯೋ ಸಿಕ್ಕಿತೇ? ಧಾರಾಳವಾಗಿ ಕಳಿಸಿ, ನಾಲ್ಕು ಜನ ನಗಲಿ. ಹೆದರಿಸುವ ವಿಡಿಯೋ ಬಂದರೆ ಮಾತ್ರ ಎಲ್ಲಿಯದು, ಯಾವಾಗಿನದು, ತೆಗೆದವರು ಯಾರು ಎಂದು ವಿಚಾರಿಸಿ. ಗೊತ್ತಾಗದಿದ್ದರೆ ನಿಮ್ಮ ಫೋನಿನಲ್ಲೇ ಸಾಯಲಿ ಬಿಡಿ. ಅದರಲ್ಲಿ ಇಲ್ಲದ ಊರಿನ ಹೆಸರು ಸೇರಿಸಬೇಡಿ. ನಿಜವಾಗಿ ಅನುಮಾನ ಬಂದರೆ 112ಕ್ಕೆ ಹೇಳಿ, ಯಾರ ಮೇಲೂ ಕೈ ಮಾಡಬೇಡಿ. ತನ್ನ ಮಗುವನ್ನು ಎತ್ತಿಕೊಳ್ಳಲು ಹೆದರುವ ಅಪ್ಪ ನಮ್ಮ ಕಡೆ ಇನ್ನೊಬ್ಬ ಇರುವುದು ಬೇಡ.