ಚೋಟಿಯ ಚಿಲಕ

ಪ್ರಶ್ನೆ ಮಗಳಿಗೆ ಹಾಕಿದರೂ ಉತ್ತರ ಅಮ್ಮನ ಬಾಯಿಂದಲೇ ಬರುತ್ತಿತ್ತು. ಹೆಸರೇನು, ವಯಸ್ಸೆಷ್ಟು, ಹಸಿವಾಯಿತಾ, ಎಲ್ಲಕ್ಕೂ ಅಮ್ಮನೇ. ಮಗಳ ಎಡಗೈಗೆ ಹುಟ್ಟಿನಿಂದ ಬಲ ಕಡಿಮೆ. ನಾಲಿಗೆಗೆ ಏನೂ ಆಗಿಲ್ಲ ಎನ್ನುವುದನ್ನು ಅಮ್ಮ ಈ ಎಂಟು ವರ್ಷಗಳಲ್ಲಿ ಮರೆತೇಬಿಟ್ಟಿದ್ದಳು. ಕೆಟ್ಟವಳಲ್ಲ ಪಾಪ, ಪ್ರೀತಿ ಹೆಚ್ಚಾಗಿ ಹೀಗಾಗಿತ್ತು.

ಚೋಟುದ್ದ ಇದ್ದುದರಿಂದ ಹುಡುಗಿ ಮನೆಯವರಿಗೆಲ್ಲ ಚೋಟಿ. ದಿನನಿತ್ಯದ ಕೆಲಸಗಳಿಗೆ ಕೈ ಪಳಗಿಸುವ ಹೊಸ ಥೆರಪಿಸ್ಟ್ ಅವಳ ಬಾಯಲ್ಲಿ ಕೈ ಮೇಡಂ. ಮೊದಲ ದಿನವೇ ಕೈ ಮೇಡಂ ಚಾಪೆಯ ಮೇಲೆ ಚಿತ್ರದ ಕಾರ್ಡುಗಳನ್ನು ಹರಡಿದಳು. ಅಂಗಿಗೆ ಗುಂಡಿ ಹಾಕುವುದು, ತಲೆ ಬಾಚುವುದು, ಚೆಂಡು ಹಿಡಿಯುವುದು.

"ಇದ್ರಲ್ಲಿ ನಿನಗೆ ಯಾವುದು ಬರಬೇಕು?"

"ಗುಂಡಿ ಮೇಡಂ," ಎಂದಳು ಅಮ್ಮ. "ಆಮೇಲೆ ಬರೆಯುವಾಗ ಪುಸ್ತಕ ಜಾರದ ಹಾಗೆ ಹಿಡ್ಕೊಳ್ಳೋದು."

"ನಿಮ್ಮನ್ನ ಆಮೇಲೆ ಕೇಳ್ತೀನಿ. ಈಗ ಇವಳ ಸರದಿ."

ಅಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಐಸ್‌ಕ್ರೀಂ ತಿನ್ನೋದು ಕಲಿಸಿ ಅಂದರೆ ಅದನ್ನೂ ಕಲಿಸುತ್ತಾಳೋ ಈ ಮಹರಾಯ್ತಿ?

ಚೋಟಿ ಕಾರ್ಡುಗಳನ್ನು ಬಾಡಿದ ತರಕಾರಿಯಂತೆ ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಖಾಲಿ ಕಾರ್ಡೊಂದನ್ನು ಕೇಳಿ ಪಡೆದು, ಉದ್ದನೆಯ ಚೌಕ ಬರೆದು, ಒಳಗೊಂದು ಅಡ್ಡಗೆರೆ ಎಳೆದಳು.

"ಇದು ಸ್ಕೂಲ್ ಟಾಯ್ಲೆಟ್ ಬಾಗಿಲು. ಇದು ಚಿಲಕ. ಒಂದು ಕೈಲಿ ಬಾಗಿಲು ಒತ್ತಿ ಹಿಡಿದ್ರೇನೇ ಇನ್ನೊಂದು ಕೈಲಿ ಚಿಲಕ ಬೀಳೋದು. ನಂಗೆ ಆಗಲ್ಲ. ನನ್ನ ಫ್ರೆಂಡ್ ಹೊರಗೆ ಕಾವಲು ನಿಲ್ತಾಳೆ. ಅವಳು ರಜಾ ಹಾಕಿದ ದಿನ ನಾನು ಹೋಗೋದೇ ಇಲ್ಲ. ನೀರೂ ಕುಡಿಯಲ್ಲ."

ಅಮ್ಮ ಆ ಕಾರ್ಡನ್ನು ಕೈಗೆತ್ತಿಕೊಂಡಳು. ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂದಾಗಲೆಲ್ಲ ಗಿಣಿಗೆ ಹೇಳಿದ ಹಾಗೆ ಹೇಳಿದ್ದಳು, ಬೈದಿದ್ದಳು, ಒಮ್ಮೆ ಬೆನ್ನಿಗೊಂದು ಕೊಟ್ಟೂ ಇದ್ದಳು.

"ನನಗ್ಯಾಕೇ ಹೇಳ್ಲಿಲ್ಲ?"

"ನೀನೆಲ್ಲಿ ಕೇಳಿದೆ? ಕುಡಿ ಕುಡಿ ಅಂದೆ ಅಷ್ಟೇ."

"ನಾಳೇನೇ ಹೆಡ್‌ಮಾಸ್ಟರಿಗೆ ಹೇಳಿ ಆ ಚಿಲಕಾನೇ ಬದಲಾಯಿಸ್ತೀನಿ!"

"ಅತ್ತೆ ಮನೇಲಿ? ಬಸ್‌ ಸ್ಟ್ಯಾಂಡಲ್ಲಿ? ಊರಲ್ಲಿರೋ ಚಿಲಕಾನೆಲ್ಲ ಬದಲಾಯಿಸ್ತೀಯಾ?"

ಕೈ ಮೇಡಂ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದಳು.

ಅಂದಿನಿಂದ ಥೆರಪಿ ಕೇಂದ್ರದ ಟಾಯ್ಲೆಟ್ ಬಾಗಿಲೇ ಪಾಠಶಾಲೆ. ಚಿಲಕಕ್ಕೆ ದಾರ ಕಟ್ಟಿ ಎಳೆಯೋಣವೇ ಎಂದು ಕೈ ಮೇಡಂ ಕೇಳಿದರೆ, "ಎಲ್ಲಾ ಕಡೆ ದಾರ ಹೊತ್ಕೊಂಡು ಹೋಗ್ಲಾ?" ಎಂದು ಚೋಟಿ ತಳ್ಳಿಹಾಕಿದಳು. ಎಡ ಅಂಗೈ ಒತ್ತಿದರೆ ಜಾರುತ್ತಿತ್ತು. ಕೊನೆಗೆ ಅವಳೇ ಒಂದು ಉಪಾಯ ಹೂಡಿದಳು: ಸೊಂಟದಿಂದ ಬಾಗಿಲಿಗೆ ಗುದ್ದಿ, ಎಡ ಮೊಣಕೈ ಊರಿ, ಬಲಗೈಯಲ್ಲಿ ಚಿಲಕ. ಸೊಂಟವೊಂದೇ ಸಾಲದೇ ಎಂದು ಕೈ ಮೇಡಂ ಕೇಳಿದ್ದಕ್ಕೆ, "ಎಡಗೈನ ಬಿಟ್ರೆ ಅದಕ್ಕೆ ಬೇಜಾರಾಗುತ್ತೆ" ಎಂದಳು. ಅಮ್ಮನಿಗೂ ಚೋಟಿ ಒಂದು ಅಭ್ಯಾಸ ಕೊಟ್ಟಳು, ಸುಮ್ಮನಿರುವುದು. ಇಬ್ಬರ ಪೈಕಿ ಅಮ್ಮನದೇ ಕಷ್ಟದ ಪಾಠ.

ಮನೆಯಲ್ಲೂ ಅದೇ ಕಸರತ್ತು. ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲ ಮುಂದೆ ಕುಣಿಯುತ್ತ, "ತಾಯೀ, ಆಫೀಸಿಗೆ ಹೊತ್ತಾಯ್ತು!" ಎಂದು ದಿನಾ ಗೋಗರೆಯುತ್ತಿದ್ದ. ಮನೆಯ ಚಿಲಕ ಬೇಗ ಪಳಗಿತು. ಶಾಲೆಯದು ಮಾತ್ರ ಹಟಮಾರಿ.

ಎರಡು ತಿಂಗಳ ಮೇಲೆ ಪಾಲಕರ ಸಭೆಗೆಂದು ಅಮ್ಮ ಶಾಲೆಗೆ ಹೋದಳು. ಕಾವಲು ನಿಲ್ಲುವ ಗೆಳತಿ ಅಂದು ಜ್ವರವೆಂದು ಬಂದಿರಲಿಲ್ಲ. ಸಭೆಯ ನಡುವೆ ಚೋಟಿ ಎದ್ದು ಟಾಯ್ಲೆಟ್ಟಿಗೆ ಹೊರಟಳು. ತಡೆಯಲಾರದೆ ಅಮ್ಮನೂ ಹಿಂದೆ ಹೋದಳು.

ಬಾಗಿಲು ಮುಚ್ಚಿತು. ದಬ್ ಎಂದು ಸೊಂಟ ಬಡಿದ ಸದ್ದು. ಚಿಲಕ ಬೀಳಲಿಲ್ಲ. ಮತ್ತೆ ದಬ್.

ಅಮ್ಮನ ಕೈ ತಾನಾಗಿ ಹಿಡಿಕೆಯ ಮೇಲೆ ಹೋಯಿತು. ಹೊರಗಿನಿಂದ ಒಂದು ಚೂರು ಎಳೆದು ಹಿಡಿದರೆ ಚಿಲಕ ಸಲೀಸಾಗಿ ಬೀಳುತ್ತದೆ. ಮಗಳಿಗೆ ಗೊತ್ತೂ ಆಗುವುದಿಲ್ಲ. ಆದರೆ ತನಗೆ ಗೊತ್ತಿರುತ್ತದಲ್ಲ? ಕೈಯನ್ನು ಕಿತ್ತು ಕಂಕುಳಲ್ಲಿ ಅದುಮಿಟ್ಟುಕೊಂಡಳು.

ದಬ್. ಕಿರ್ರ್. ಠಕ್!

ನಂಬಲಾಗದೆ ಅಮ್ಮ ಬಾಗಿಲನ್ನು ಒಂದೇ ಬೆರಳಿನಿಂದ ತಳ್ಳಿ ನೋಡಿದಳು. ಅದು ಮಿಸುಕಲಿಲ್ಲ.

"ಯಾರದು?" ಒಳಗಿನಿಂದ ಗದರಿಕೆ ಬಂತು. "ಒಳಗೆ ಜನ ಇದ್ದಾರೆ!"

ಅಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಉಕ್ಕಿ ಬಂದವು.

"ತಪ್ಪಾಯ್ತು," ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. "ನಿಧಾನವಾಗಿ ಬನ್ನಿ."