ಅರವತ್ತು ಹೌದು

ನಮ್ಮ ಪ್ಯಾಕಿಂಗ್ ಶೆಡ್ಡಿನ ಬಾಗಿಲಲ್ಲಿ ಮೊದಲು ಒಬ್ಬ ಮೇಸ್ತ್ರಿ ನಿಂತಿರುತ್ತಿದ್ದ. ಬಾಯಿ ಬಲು ಜೋರು. ತಡವಾಗಿ ಬಂದವರಿಗೆ ಎಲ್ಲರೆದುರೇ ಮಂಗಳಾರತಿ ಮಾಡುತ್ತಿದ್ದ. ಆದರೆ ಬೈಯುವಾಗಲೂ ಮುಖ ನೋಡುತ್ತಿದ್ದ. ಕಣ್ಣು ಕೆಂಪಗಿದ್ದವಳನ್ನು ಮೆಷಿನ್ ಹತ್ತಿರ ಬಿಡದೆ, ಲೇಬಲ್ ಅಂಟಿಸು ಹೋಗು ಎಂದು ಎಷ್ಟೋ ಸಲ ಆ ಕಡೆ ಅಟ್ಟಿದ್ದುಂಟು. ಸುಮಾರು ಮೂರು ವರ್ಷದ ಹಿಂದೆ ಅವನನ್ನು ಮನೆಗೆ ಕಳಿಸಿ, ಅವನು ನಿಲ್ಲುತ್ತಿದ್ದ ಜಾಗದ ಗೋಡೆಗೆ ಒಂದು ಕಂಪ್ಯೂಟರ್ ಪರದೆ ಹಾಕಿದರು. ನಮ್ಮ ಸಾಲಿನ ಹನ್ನೆರಡು ಹೆಂಗಸರೂ ಒಳಗೊಳಗೇ ಖುಷಿಪಟ್ಟೆವು. ಪರದೆ ಬೈಯುವುದಿಲ್ಲವಲ್ಲ.

ಕಾರ್ಡ್ ತೋರಿಸಿದರೆ ಪರದೆ ಐದು ಪ್ರಶ್ನೆ ಕೇಳುತ್ತಿತ್ತು. ನಿದ್ದೆ ಸಾಕಷ್ಟು ಆಗಿದೆಯೇ? ಮೈಕೈ ಸರಿಯಾಗಿದೆಯೇ? ಕೈಗವಸು ಇದೆಯೇ? ಮೆಷಿನ್ನಿನ ಮುಚ್ಚಳ ಭದ್ರವಾಗಿದೆಯೇ? ನಿಲ್ಲಿಸುವ ಗುಂಡಿ ಕೆಲಸ ಮಾಡುತ್ತಿದೆಯೇ? ಹೌದು ಎಂದರೆ ಹಸಿರು, ಇಲ್ಲ ಎಂದರೆ ಕೆಂಪು. ಒಬ್ಬಳು ಒಂದೇ ಒಂದು ಕೆಂಪು ಒತ್ತಿದರೂ ಆಫೀಸಿನವರು ಬಂದು ನೋಡುವವರೆಗೆ ಇಡೀ ಸಾಲು ಶುರುವಾಗುವುದಿಲ್ಲ. ಅವರು ಬರಲು ಅರ್ಧ ಗಂಟೆ. ಅಷ್ಟರಲ್ಲಿ ಪಕ್ಕದ ಸಾಲಿನವರು ಮುನ್ನೂರು ಪೆಟ್ಟಿಗೆ ಮುಂದೆ ಹೋಗಿರುತ್ತಾರೆ, ಎದುರು ಗೋಡೆಯ ಬೋರ್ಡಿನಲ್ಲಿ ನಮ್ಮ ಸಾಲು ಕೆಳಗಿಳಿದಿರುತ್ತದೆ. ತಿಂಗಳ ಕೊನೆಗೆ ಎಲ್ಲಕ್ಕಿಂತ ಕೆಳಗಿರುವ ಸಾಲಿನಿಂದ ಇಬ್ಬರನ್ನು ತೆಗೆಯುತ್ತಾರೆ.

ಹಾಗಾಗಿ ನಾವೇ ಒಂದು ದಾರಿ ಕಂಡುಕೊಂಡೆವು. ನಾನು ಸಾಲಿನ ಲೀಡರ್. ಎಲ್ಲರೂ ಕಾರ್ಡನ್ನು ನನ್ನ ಕೈಗೆ ಕೊಡುವುದು. ನಾನು ಹನ್ನೆರಡಕ್ಕೂ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ಹೋಗಿ, ಒಂದೊಂದನ್ನೇ ತೋರಿಸಿ, ಐದೈದು ಸಲ ಹಸಿರು ಒತ್ತುವುದು. ಒಟ್ಟು ಅರವತ್ತು ಹೌದು. ಅಷ್ಟರಲ್ಲಿ ಉಳಿದವರು ಕೂದಲು ಕಟ್ಟಿಕೊಂಡು, ನೀರು ಕುಡಿದು ಬರುತ್ತಿದ್ದರು. ಮೂರು ನಿಮಿಷದಲ್ಲಿ ಮುಗಿಸುತ್ತಿದ್ದೆ. ಲೀಡರಕ್ಕನ ಬೆರಳು ಬಲು ಚುರುಕು ಎಂದು ಹೊಗಳುತ್ತಿದ್ದರು. ನಾನೂ ಉಬ್ಬಿಹೋಗುತ್ತಿದ್ದೆ.

ಪ್ರಥಮ ಚಿಕಿತ್ಸೆ ಕೋಣೆಯ ನರ್ಸಿಗೆ ನಾವು ಇಟ್ಟ ಹೆಸರು ಬ್ಯಾಂಡೇಜ್ ಸಿಸ್ಟರ್. ಯಾರು ಏನು ಹೇಳಿಕೊಂಡು ಹೋದರೂ ಮೊದಲು ಬ್ಯಾಂಡೇಜ್, ಆಮೇಲೆ ಬುದ್ಧಿವಾದ. ಒಂದು ದಿನ ಅವರು ನನ್ನ ಕೈಯಲ್ಲಿದ್ದ ಕಾರ್ಡಿನ ಕಟ್ಟನ್ನು ನೋಡಿಬಿಟ್ಟರು.

"ಇನ್ನೊಬ್ಬಳಿಗೆ ಸೊಂಟ ನೋವಿಲ್ಲ ಅಂತ ನಿಂಗೆ ಹೇಗೆ ಗೊತ್ತು?"

"ನೋವು ಯಾರಿಗಿಲ್ಲ ಸಿಸ್ಟರ್? ಅದನ್ನೆಲ್ಲ ಹೇಳ್ತಾ ಕೂತ್ರೆ ಕೆಲಸ ಶುರುವಾದ ಹಾಗೇ."

"ಅದು ನಿಮ್ಮ ಕ್ಷೇಮ ಸಮಾಚಾರ ಕೇಳ್ತಿಲ್ಲ ಕಣಮ್ಮ. ನಿಮ್ಮ ಹತ್ರ ಸಹಿ ಹಾಕಿಸ್ಕೊಳ್ತಿದೆ."

ನನಗೆ ನಗು ಬಂತು. ಹಸಿರು ಗುಂಡಿಗೂ ಸಹಿಗೂ ಎತ್ತಣ ಸಂಬಂಧ? ಓದಿದವರಿಗೆ ಎಲ್ಲದರಲ್ಲೂ ಅನುಮಾನ ಎಂದುಕೊಂಡು, ಊಟದ ಹೊತ್ತಿನಲ್ಲಿ ಅವರ ದನಿಯನ್ನೇ ಅಣಕಿಸಿ ತೋರಿಸಿದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ನನ್ನ ನಾದಿನಿ.

ನಾದಿನಿಯನ್ನು ನಾನೇ ಕೈಹಿಡಿದು ಕರೆತಂದು ಆ ಕೆಲಸಕ್ಕೆ ಸೇರಿಸಿದ್ದೆ. ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುವ ಮೆಷಿನ್ ಅವಳದು. ಅದರ ಮುಚ್ಚಳದ ತಿರುಪು ಸಡಿಲವಾಗಿ ಎಂಟು ದಿನವಾಗಿತ್ತು. ಪೆಟ್ಟಿಗೆಗೆ ಅಂಟಿಸುವ ಟೇಪನ್ನೇ ಸುತ್ತಿ ಅದನ್ನು ನಿಲ್ಲಿಸಿದ್ದೆವು. ಟೇಪಿಗೆ ನಮ್ಮಲ್ಲಿ ಬರವೇ? ಒಂಬತ್ತನೆಯ ದಿನ ಬೆಳಿಗ್ಗೆ ಕಾರ್ಡ್ ಕೊಡುವಾಗ ಅವಳು ಸ್ವಲ್ಪ ತಡೆದಳು.

"ಅತ್ತಿಗೆ, ಆ ಮುಚ್ಚಳ ಇವತ್ತು ನಿಲ್ಲಲ್ಲ ಅನ್ಸುತ್ತೆ. ಇವತ್ತೊಂದಿನ ಕೆಂಪು ಒತ್ತಿಬಿಡೋಣ್ವಾ?"

ಬೋರ್ಡಿನಲ್ಲಿ ನಮ್ಮ ಸಾಲು ಕೆಳಗಿನಿಂದ ಎರಡನೆಯದು. ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನ. ಊಟದ ಹೊತ್ತಿಗೆ ರಿಪೇರಿಯವನಿಗೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಹುಷಾರಾಗಿರು ಎಂದೆ. ಅವಳು ಯಾವತ್ತೂ ನನ್ನ ಮಾತು ಮೀರಿದವಳಲ್ಲ. ತಲೆಯಾಡಿಸಿ ಒಳಗೆ ಹೋದಳು. ನಾನು ಅರವತ್ತು ಹೌದು ಒತ್ತಿದೆ.

ಹತ್ತೂವರೆಗೆ ಟೇಪ್ ಬಿಟ್ಟಿತು. ಬೀಳುತ್ತಿದ್ದ ಮುಚ್ಚಳವನ್ನು ತಡೆಯಲು ಅವಳು ಕೈ ಚಾಚಿದಳು. ಪಟ್ಟಿ ಅವಳ ಬಲಗೈಯ ತೋರುಬೆರಳನ್ನೂ ಅದರ ಪಕ್ಕದ್ದನ್ನೂ ಸುತ್ತಿ ಬಿಗಿಯಿತು. ನಾನು ಓಡಿಹೋಗಿ ನಿಲ್ಲಿಸುವ ಗುಂಡಿ ಒತ್ತಿದೆ. ಮೆಷಿನ್ ನಿಲ್ಲಲಿಲ್ಲ. ಆ ಗುಂಡಿ ಕೆಲಸ ಮಾಡುತ್ತಿದೆ ಎಂದು ಎರಡು ವರ್ಷದಿಂದ ದಿನಾ ಹೇಳುತ್ತಾ ಬಂದವಳು ನಾನೇ. ಒಂದು ದಿನವೂ ಅದನ್ನು ಒತ್ತಿ ನೋಡಿರಲಿಲ್ಲ. ಎರಡು ಬೆರಳನ್ನೂ ಆಸ್ಪತ್ರೆಯಲ್ಲಿ ತೆಗೆದರು.

ಮೂರನೆಯ ದಿನ ನನ್ನನ್ನು ಆಫೀಸಿಗೆ ಕರೆದರು. ಚಿಕ್ಕ ವಯಸ್ಸಿನ ಅಧಿಕಾರಿ, ಮರ್ಯಾದಸ್ಥ. ಕೂರಲು ಕುರ್ಚಿ ಕೊಟ್ಟು, ಕುಡಿಯಲು ನೀರು ಕೊಟ್ಟು, ಒಂದು ಹಾಳೆ ಮುಂದಿಟ್ಟ. ನಾದಿನಿಯ ಕಾರ್ಡ್, ಅವತ್ತಿನ ಬೆಳಿಗ್ಗೆ ಏಳು ಐವತ್ತೆರಡು. ಮುಚ್ಚಳ ಭದ್ರವಾಗಿದೆಯೇ? ಹೌದು. ಗುಂಡಿ ಕೆಲಸ ಮಾಡುತ್ತಿದೆಯೇ? ಹೌದು.

"ಅವರೇ ನೋಡಿ ಎಲ್ಲಾ ಸರಿ ಇದೆ ಅಂದಿದ್ದಾರೆ. ಇದ್ರಲ್ಲಿ ಕಂಪನಿದೇನು ತಪ್ಪು, ನೀವೇ ಹೇಳಿ."

ಕುಹಕದ ಮಾತಲ್ಲ, ನಿಜವಾಗಿಯೂ ಕೇಳಿದ. ಅವನು ನಮ್ಮ ಶೆಡ್ಡಿನೊಳಗೆ ಕಾಲಿಟ್ಟವನೇ ಅಲ್ಲ. ಅವನ ಹಾಳೆಗಳಲ್ಲಿ ಎರಡು ವರ್ಷದಿಂದ ಬರೀ ಹಸಿರು. ಅದನ್ನು ನೋಡಿಯೇ ಅವನು ನೆಮ್ಮದಿಯಾಗಿದ್ದ.

ಒತ್ತಿದ್ದು ನಾನೇ ಎಂದು ಬರೆದುಕೊಡುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರು ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ತಂಗಿಯ ಕೈ ನೋಡಿ ಎರಡು ದಿನ ಊಟ ಮುಟ್ಟಿರಲಿಲ್ಲ. ಆದರೂ ಬೇಡವೆಂದರು.

"ಹೋದ ಬೆರಳು ಬರುತ್ತಾ? ನಿನ್ನ ಕೆಲಸನೂ ಹೋಗುತ್ತೆ. ಉಳಿದ ಹತ್ತು ಜನಕ್ಕೂ ಕುತ್ತು ತರ್ತೀಯ."

ಅದೂ ಸುಳ್ಳಲ್ಲ. ಕಾರ್ಡನ್ನು ಇನ್ನೊಬ್ಬರ ಕೈಗೆ ಕೊಡುವುದೇ ಅಲ್ಲಿ ದೊಡ್ಡ ತಪ್ಪು. ಆ ಹತ್ತು ಜನರೂ ಒಬ್ಬೊಬ್ಬರಾಗಿ ಮನೆಗೆ ಬಂದರು. ನಾದಿನಿಯ ತಲೆ ಸವರಿ ಅತ್ತರು. ಹೊರಡುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡು, ನಮ್ಮ ಹೆಸರು ತರಬೇಡ ಎಂದರು. ಅವರನ್ನು ನಾನು ಬೈಯಲಾರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ.

ಕೊನೆಗೆ ಬಂದವರು ಬ್ಯಾಂಡೇಜ್ ಸಿಸ್ಟರ್. ಆ ಹಾಳೆ ಹಾಗೆಯೇ ಉಳಿದರೆ ಇದು ನಾದಿನಿಯ ಅಜಾಗರೂಕತೆ ಎಂದೇ ಮುಗಿಯುತ್ತದೆ, ಚಿಕಿತ್ಸೆಗಾಗಲಿ ಪರಿಹಾರಕ್ಕಾಗಲಿ ಯಾರನ್ನೂ ಕೇಳುವ ಹಾಗಿರುವುದಿಲ್ಲ ಎಂದು ಬಿಡಿಸಿ ಹೇಳಿದರು. ಟೇಪ್ ಸುತ್ತಿದ್ದ ಮುಚ್ಚಳದ ಫೋಟೋ ಯಾರ ಫೋನಿನಲ್ಲಾದರೂ ಇದೆಯೇ ಎಂದು ಕೇಳಿದರು. ಇರಲಿಲ್ಲ. ಎಂಟು ದಿನದಲ್ಲಿ ಒಂದು ಸಾಲು ಬರೆದುಕೊಟ್ಟಿದ್ದೀರಾ ಎಂದರು. ಅದೂ ಇರಲಿಲ್ಲ. ನಮ್ಮವರು ಮತ್ತೆ ಬೇಡವೆನ್ನಲು ಬಾಯಿ ತೆರೆದರು. ಅಷ್ಟು ಹೊತ್ತೂ ಗೋಡೆಗೆ ಮುಖ ಮಾಡಿ ಮಲಗಿದ್ದ ನಾದಿನಿ ಆಗ ಮಾತಾಡಿದಳು.

"ನಾನು ಹುಷಾರಾಗೇ ಇದ್ದೆ ಅತ್ತಿಗೆ. ಅದೊಂದು ಬರೀರಿ."

ನಮ್ಮವರು ಎದ್ದುಹೋಗಿ ಪೆನ್ನು ತಂದುಕೊಟ್ಟರು.

ಬರೆದೆ. ಮಾರನೆಯ ದಿನವೇ ನನ್ನನ್ನು ಕೆಲಸದಿಂದ ತೆಗೆದರು. ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ ಏಳು ತಿಂಗಳಿಂದ ನಡೆಯುತ್ತಿದೆ. ಹೋದಾಗಲೆಲ್ಲ ಇನ್ನೊಂದು ತಾರೀಖು ಕೊಡುತ್ತಾರೆ. ವ್ಯಾನಿನ ಕಂಪನಿಯವರ ಪರವಾಗಿ ನಮ್ಮವರ ಫೋನೂ ದಿನಾ ಬೆಳಿಗ್ಗೆ ನಿದ್ದೆ ಆಗಿದೆಯೇ ಎಂದು ಕೇಳುತ್ತದೆ. ಹೋದ ವಾರ, ಇಷ್ಟು ವರ್ಷದಲ್ಲಿ ಮೊದಲ ಸಲ, ಅವರು ಇಲ್ಲ ಎಂದು ಒತ್ತಿದರು. ಅವತ್ತು ವ್ಯಾನು ಬೇರೆಯವರ ಪಾಲಾಯಿತು. ಇವರು ಗೊಣಗಲಿಲ್ಲ, ಸಂಜೆಯವರೆಗೆ ಮಲಗಿ ನಿದ್ದೆ ಮಾಡಿದರು.

ಶೆಡ್ಡಿಗೆ ಮೇಸ್ತ್ರಿಯನ್ನು ಮತ್ತೆ ಕರೆಯಲಿಲ್ಲ, ಬೋರ್ಡನ್ನೂ ಇಳಿಸಲಿಲ್ಲ. ಕಾರ್ಡನ್ನು ಮಾತ್ರ ತೆಗೆದುಹಾಕಿದರು. ಈಗ ಪ್ರತಿಯೊಬ್ಬರೂ ತಮ್ಮ ಬಲಗೈ ತೋರುಬೆರಳನ್ನೇ ಪರದೆಗೆ ಇಡಬೇಕು. ಮೊನ್ನೆ ನಾದಿನಿಯನ್ನು ಹಗುರದ ಕೆಲಸಕ್ಕೆ ಕರೆದರು. ನಾನು ಬಾಗಿಲವರೆಗೆ ಬಿಟ್ಟು ಬರಲು ಹೋಗಿದ್ದೆ. ಪರದೆ ಬೆರಳು ಕೇಳಿತು. ಅವಳು ಕೈಯೆತ್ತಿ ಹಾಗೇ ನಿಂತಳು. ಹಿಂದೆ ನಿಂತಿದ್ದವರಲ್ಲಿ ಯಾರೋ, ಬೇಗ ಬೇಗ, ಸಾಲು ತಡವಾಗುತ್ತೆ ಎಂದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಉತ್ತರವನ್ನು ಇನ್ನೊಬ್ಬರ ಕೈಗೆ ಕೊಡಬೇಡಿ. ಒತ್ತುವ ಮೊದಲು ಮೆಷಿನ್ನನ್ನು ಮುಟ್ಟಿ ನೋಡಿ. ಕೆಟ್ಟಿದ್ದರೆ ಫೋಟೋ ತೆಗೆಯಿರಿ, ತಾರೀಖು ಹಾಕಿ ಬರೆದುಕೊಡಿ, ಒಂದು ನಕಲು ಮನೆಯಲ್ಲಿಡಿ. ಇಲ್ಲ ಎನ್ನುವಾಗ ಒಟ್ಟಿಗೆ ಎನ್ನಿ, ಒಬ್ಬಳನ್ನು ತೆಗೆಯುವುದು ಬಲು ಸುಲಭ. ಕೆಲಸ ಮಾಡಿಸುವವರೇ, ಎಲ್ಲರೂ ಎಲ್ಲ ದಿನವೂ ಹೌದು ಎಂದರೆ ಹೆದರಿ. ಎದ್ದು ಬಂದು ಮುಖ ನೋಡಿ. ಇಲ್ಲ ಎಂದವಳ ಸಾಲನ್ನು ಕೆಳಗಿಳಿಸಬೇಡಿ.

ಇಷ್ಟು ಓದಿಯೂ ನಾಳೆ ಬೆಳಿಗ್ಗೆ ನೀವು ಹಸಿರನ್ನೇ ಒತ್ತುತ್ತೀರಿ, ನನಗೆ ಗೊತ್ತು. ಹಿಂದೆ ಜನ ನಿಂತಿರುತ್ತಾರೆ, ತಿಂಗಳು ಮುಗಿಯುತ್ತಾ ಬಂದಿರುತ್ತದೆ. ಆದರೂ ಕೇಳಿಕೊಳ್ಳುತ್ತೇನೆ. ಒತ್ತುವ ಮುಂಚೆ ಒಂದು ಸಲ ಆ ಬೆರಳನ್ನು ನೋಡಿಕೊಳ್ಳಿ.